ನೂಲು ಹಗುರಾದ ಮೆಟ್ಟಿಲು

ಕೊಲಂಬೊ

ನಾಗು ಕಟ್ಟಿಕೊಂಡು ಬಂದಿದ್ದ ರಾಗಿ ಹುರಿಹಿಟ್ಟಿನ ಡಬ್ಬ ಕೊಲಂಬೊದ ಕಸ್ಟಮ್ಸ್ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಯೂನಿಫಾರಂ ತೊಟ್ಟ ಅಧಿಕಾರಿ ಅದನ್ನು ಮೂಸಿದ, ಬೆರಳಲ್ಲಿ ಉಜ್ಜಿದ, ನಮ್ಮ ಮೂವರ ಬಿಳಿ ತಲೆಗಳನ್ನು ಒಂದೊಂದಾಗಿ ನೋಡಿದ.

“ವಾಟ್ ಈಸ್ ದಿಸ್, ಮೇಡಂ?”

“ಉರಿಟ್ಟು ಸಾ. ಬೆಲ್ಲ ಆಕಂಡು ತಿನ್ನದು,” ಅಂದಳು ನಾಗು, ಯಳಂದೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವಳ ಹಾಗೆ.

ನಾನು ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, “ರೋಸ್ಟೆಡ್ ಫಿಂಗರ್ ಮಿಲೆಟ್, ಆಫೀಸರ್. ಪರ್ಫೆಕ್ಟ್ಲಿ ಹಾರ್ಮ್‌ಲೆಸ್,” ಅಂದೆ. ಹಾರ್ಮ್‌ಲೆಸ್ ಅಂದದ್ದೇ ತಪ್ಪಾಯಿತೇನೊ, ಅವನು ಇನ್ನೊಬ್ಬನನ್ನು ಕೂಗಿ ಕರೆದ. ಆಗ ಜಸಿಂತಾ ಮುಂದೆ ಬಂದಳು. ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು, ತಮಿಳಿನಲ್ಲಿ ಮೆಲ್ಲಗೆ ಏನೋ ಹೇಳಿ, ಅವನ ಅಂಗೈಗೂ ಒಂದು ಚಿಟಿಕೆ ಇಟ್ಟಳು. ಅವನು ನಾಲಿಗೆಗೆ ಮುಟ್ಟಿಸಿಕೊಂಡು “ಕುರಕ್ಕನ್” ಅಂದ. ರಾಗಿಗೆ ಆ ಊರಿನಲ್ಲಿ ಅದೇ ಹೆಸರಂತೆ. ಅವನ ಅಜ್ಜಿ ಬದುಕಿರುವ ತನಕ ಅದನ್ನೇ ತಿಂದಳಂತೆ. ಡಬ್ಬದ ಮುಚ್ಚಳವನ್ನು ತಾನೇ ಒತ್ತಿ ಮುಚ್ಚಿ ಕೊಟ್ಟ.

“ನೋಡ್ದಾ ಪದ್ದು,” ಅಂದಳು ನಾಗು ಹೊರಗೆ ಬಂದ ಮೇಲೆ. “ನಿನ್ ಇಂಗ್ಲೀಸ್ ನಮ್ಮನ್ನ ಜೈಲಿಗೆ ಕಳಿಸ್ತಿತ್ತು. ಜಸ್ಸಿ ನಾಲ್ಗೆ ಉಳಿಸ್ತು ಕಣಮ್ಮಿ.”

ನಾವು ಮೂವರೂ ಕೊಳ್ಳೇಗಾಲದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಒಂದೇ ಸಾಲಿನ ಮೂರು ಮಂಚದವರು. ನಾನು ಊರಿನವಳೇ ಆದರೂ ಶಿಸ್ತು ಬರಲಿ ಎಂದು ಅಪ್ಪ ಅಲ್ಲೇ ಬಿಟ್ಟಿದ್ದರು. ನಮ್ಮ ಮನೆಯಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನುಗಳಿದ್ದವು. ನಾಗರತ್ನ ಯಳಂದೂರಿನವಳು, ಅವಳ ತಾಯಿಯ ತವರು ಶಾಗ್ಯ. ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದಾಳೆ. ಸಿಸ್ಟರ್‌ಗಳು ಎಷ್ಟು ತಿದ್ದಿದರೂ ಅವಳ ಮಾತಿಗೆ ಹಕಾರ ಹತ್ತಲಿಲ್ಲ. ಜಸಿಂತಾ ರಾಮಾಪುರದ ಆಚೆಯ ತಮಿಳು ಮಾತಾಡುವ ಹಳ್ಳಿಯವಳು. ಮೂವತ್ತು ವರ್ಷ ಹೊಲಿಗೆ ಟೀಚರ್ ಆಗಿದ್ದಳು. ಈಗಲೂ ರಾಮಾಪುರದಲ್ಲಿ ಕೂತು ಪೇಟೆಯಿಂದ ಬರುವ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಾಳೆ.

ಮೈಸೂರಿನ ಒಂದು ತಂಡದ ಜೊತೆ ನಾವು ಲಂಕೆಗೆ ಬಂದದ್ದು. ತಂಡದವರು ಸೀತೆ ಕೂತ ತೋಟ, ರಾವಣ ಸ್ನಾನ ಮಾಡಿದ ಜಲಪಾತ ಎಂದು ಬಸ್ಸಿನಲ್ಲಿ ತಿರುಗುವವರು. ನಾವು ಎರಡು ದಿನ ಅವರಿಂದ ಬಿಡಿಸಿಕೊಂಡು ಶ್ರೀಪಾದ ಬೆಟ್ಟ ಹತ್ತುವುದೆಂದು ಊರಿನಲ್ಲೇ ತೀರ್ಮಾನಿಸಿದ್ದೆವು. ಆ ಬೆಟ್ಟದ ನೆತ್ತಿಯಲ್ಲಿ ಒಂದು ಹೆಜ್ಜೆ ಗುರುತಿದೆ. ಬೌದ್ಧರು ಬುದ್ಧನ ಪಾದ ಅನ್ನುತ್ತಾರೆ, ನಮ್ಮವರು ಶಿವನ ಪಾದ, ಕ್ರೈಸ್ತರೂ ಮುಸಲ್ಮಾನರೂ ಆದಾಮನ ಪಾದ.

“ನಂಗೆ ಸಿವ, ಜಸ್ಸಿಗೆ ಆದಾಮ. ಒಂದೇ ಸಲ ಅತ್ತುದ್ರೆ ಇಬ್ರುದೂ ಆಯ್ತದೆ,” ಅನ್ನುತ್ತಿದ್ದಳು ನಾಗು. ಹೋಗೋಣ ಎಂದು ಮೊದಲು ಎತ್ತಿದವಳು ನಾನು. ಯಾಕೆ ಎಂದು ಇಬ್ಬರಿಗೂ ಹೇಳಿರಲಿಲ್ಲ.

ಹ್ಯಾಟನ್ ರೈಲು

ಹ್ಯಾಟನ್‌ಗೆ ಹೋಗುವ ರೈಲು ನಿಧಾನ. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತವರು ಹತ್ತಿರ ಬಂದ ಟೀ ಗಿಡಗಳನ್ನು ಕಾಲಿನಿಂದ ಸವರುತ್ತಾ ಹೋಗುತ್ತಾರೆ. ಯಾರೂ ಯಾರಿಗೂ ‘ಒಳಗೆ ಬಾ, ಬಿದ್ದೀಯ’ ಅನ್ನುವುದಿಲ್ಲ. ಎದುರಿಗೆ ಕೂತಿದ್ದ ಕುಟುಂಬ ಪೊಟ್ಟಣ ಬಿಚ್ಚಿ ಬೆಳಿಗ್ಗೆ ಏಳೂವರೆಗೇ ಅನ್ನ, ಹಲಸಿನಕಾಯಿ ಪಲ್ಯ, ಮೀನು ತಿಂದಿತು. ನಮಗೂ ಕೊಟ್ಟರು. ನಾಗು ಮೀನು ಬಿಟ್ಟು ಉಳಿದದ್ದನ್ನೆಲ್ಲ ತಿಂದಳು.

ಜಸಿಂತಾ ಕಿಟಕಿಯ ಹತ್ತಿರ ಕೂತು ನಾಗುವಿನ ಬ್ಯಾಗಿನ ಹರಿದ ಪಟ್ಟಿ ಹೊಲಿಯುತ್ತಿದ್ದಳು. ರೈಲು ಕುಲುಕಿದರೂ ಅವಳ ಸೂಜಿ ಹಿಡಿತ ತಪ್ಪುವುದಿಲ್ಲ. ಆ ಬಗ್ಗಿದ ತಲೆ ನೋಡುತ್ತಾ ನನಗೆ ತಾಳುಬೆಟ್ಟ ನೆನಪಾಯಿತು. ನೆನಪಾಯಿತು ಅನ್ನುವುದು ಸುಳ್ಳು. ಅದು ಮರೆತೇ ಹೋಗಿರಲಿಲ್ಲ.

ನಾವು ಹತ್ತನೇ ಕ್ಲಾಸು ಮುಗಿಸಿದ ವರ್ಷ ನಾಗುವಿನ ಅಜ್ಜಿ ಶಾಗ್ಯದಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಪರಿಷೆ ಹೊರಡಿಸಿದರು. ನಮ್ಮ ಮೂವರನ್ನೂ ಸೇರಿಸಿಕೊಂಡರು. ಜಸಿಂತಾಳ ಕೊರಳಲ್ಲಿದ್ದ ಶಿಲುಬೆ ನೋಡಿ ಯಾರೋ ಗೊಣಗಿದ್ದಕ್ಕೆ ಅಜ್ಜಿ, “ಮಾದಪ್ಪ ಯಾರ ಕೊಳ್ನೂ ನೋಡಾಕಿಲ್ಲ, ಕಾಲ ನೋಡ್ತನೆ,” ಅಂದರು. ಅಷ್ಟೇ ಅಲ್ಲ, ಪರಿಷೆಯ ಮುಂದೆ ಬಾರಿಸುವ ಜಾಗಟೆಯನ್ನು ಅವಳ ಕೈಗೇ ಕೊಟ್ಟರು. ಅವಳ ತಾಳ ಅಷ್ಟು ಚೆನ್ನಾಗಿತ್ತು. ಹನೂರು ದಾಟುವ ತನಕ ನಾನು ಅದನ್ನು ಕೇಳುತ್ತಾ ಹಿಂದೆ ನಡೆದೆ. ನನಗೆ ಆ ಜಾಗಟೆ ಬೇಕಾಗಿತ್ತು.

ಬೆಟ್ಟದ ಬುಡದ ತಾಳುಬೆಟ್ಟದಲ್ಲಿ ಬೆಳಿಗ್ಗೆ ಅವಳು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ತಾನು ಮುಟ್ಟಾಗಿದ್ದೇನೆ ಎಂದು ಹೇಳಿದಳು. “ಪ್ರಾಮಿಸ್ ಮಿ, ಯಾರಿಗೂ ಹೇಳಬೇಡ. ನಂಗೆ ಮೇಲೆ ನೋಡ್ಬೇಕು,” ಅಂದಳು. ನಾನು ಪ್ರಾಮಿಸ್ ಮಾಡಿದೆ. ನೀರು ತರುವ ನೆಪದಲ್ಲಿ ಎದ್ದು ಹೋಗಿ ಅಜ್ಜಿಗೆ ಹೇಳಿದೆ.

ಅಜ್ಜಿ ಬೈಯಲಿಲ್ಲ. ಅಡುಗೆಯವರ ಜೊತೆ ಅವಳನ್ನು ಕೆಳಗೇ ಉಳಿಸಿದರು. ಜಾಗಟೆ ನನ್ನ ಕೈಗೆ ಬಂತು. ಬೆಟ್ಟ ಮುಗಿಯುವ ತನಕ ಬಾರಿಸಿದೆ. ಎರಡು ದಿನ ಬಿಟ್ಟು ಇಳಿದು ಬಂದಾಗ ಜಸಿಂತಾ ಒಲೆಯ ಪಕ್ಕ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ತಾನು ಬಟ್ಟೆ ಒಗೆಯುವಾಗ ಪರಿಷೆಯ ಹೆಂಗಸರು ಯಾರೋ ನೋಡಿರಬೇಕು ಅಂದಳು. ನಾನು ಹೌದಿರಬೇಕು ಅಂದೆ.

ಆಮೇಲೆ ಅವಳು ಆ ಬೆಟ್ಟಕ್ಕೆ ಹೋಗಲೇ ಇಲ್ಲ. ರಾಮಾಪುರದಿಂದ ಎಷ್ಟು ಹೊತ್ತಿನ ದಾರಿ? ಬಸ್ಸಿದೆ, ಟಾರು ರಸ್ತೆ ಇದೆ. ಕೇಳಿದರೆ “ಬಸ್ಸಲ್ಲಿ ಹೋದ್ರೆ ಅದು ಹತ್ತಿದ ಹಾಗಲ್ಲ” ಅನ್ನುತ್ತಾಳೆ. ಶ್ರೀಪಾದದ ತುದಿಯಲ್ಲಿ ಅವಳ ಪಕ್ಕ ನಿಂತು ಹೇಳಿಬಿಡುವುದೆಂದು ನಾನು ಹೊರಟಿದ್ದೆ. ವಾಕ್ಯವನ್ನೂ ಕೂಡಿಸಿಟ್ಟುಕೊಂಡಿದ್ದೆ, ಇಂಗ್ಲಿಷಿನಲ್ಲಿ. ನಾಚಿಕೆಯ ಮಾತು ಇಂಗ್ಲಿಷಿನಲ್ಲಾದರೆ ಸ್ವಲ್ಪ ಬೇರೆಯವರದು ಅನ್ನಿಸುತ್ತದೆ.

ನಲ್ಲತಣ್ಣಿ

ಬೆಟ್ಟದ ಬುಡದ ಊರಿನ ಹೆಸರು ನಲ್ಲತಣ್ಣಿ, ಒಳ್ಳೆಯ ನೀರು. ಟೀ ತೋಟದ ತಮಿಳರ ಊರು. ಜಸಿಂತಾಗೆ ಅಲ್ಲಿ ಕಾಲಿಟ್ಟ ಕೂಡಲೇ ಹತ್ತು ವರ್ಷ ಕಮ್ಮಿಯಾಯಿತು. ಎಲ್ಲರನ್ನೂ ಮಾತಾಡಿಸಿದಳು. ಇಲ್ಲಿ ಎಲ್ಲರೂ ರಾತ್ರಿಯೇ ಹತ್ತಲು ಶುರು ಮಾಡಿ ತುದಿಯಲ್ಲಿ ಸೂರ್ಯೋದಯ ನೋಡುತ್ತಾರೆ. ನಮ್ಮ ಕಣ್ಣಿಗೂ ಮೊಣಕಾಲಿಗೂ ಬೆಳಕು ಬೇಕಾದ್ದರಿಂದ ನಾವು ಬೆಳಿಗ್ಗೆ ಆರು ಗಂಟೆಗೆ ಹೊರಟೆವು. ಹಾಗಾಗಿ ನಾವು ಹತ್ತುತ್ತಿದ್ದರೆ ಲೋಕವೆಲ್ಲ ಇಳಿಯುತ್ತಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡವರು, ಬಿಳಿ ಬಟ್ಟೆಯ ಮುದುಕರು, ಅಜ್ಜಿಯನ್ನು ಬೆನ್ನ ಮೇಲೆ ಹೊತ್ತ ಮೊಮ್ಮಗ. ಇಳಿಯುವವರು ಹತ್ತುವವರಿಗೆ “ಕರುಣಾವಯಿ” ಅನ್ನುತ್ತಾರೆ, ಕರುಣೆ ಇರಲಿ ಎಂದು. ಮಾದಪ್ಪನ ದಾರಿಯಲ್ಲಿ ಉಘೇ ಅಂದ ಹಾಗೆ. ನಾಗು ಎಲ್ಲರಿಗೂ “ಉಗೇ ಮಾದಪ್ಪ” ಎಂದೇ ಉತ್ತರ ಕೊಟ್ಟಳು. ಯಾರಿಗೂ ಬೇಜಾರಾಗಲಿಲ್ಲ.

ಮೊದಲ ಮೆಟ್ಟಿಲಿನ ಹತ್ತಿರ ಅವಳು ನಮ್ಮಿಬ್ಬರನ್ನೂ ತಡೆದಳು.

“ನಮ್ಮಜ್ಜಿ ರೂಲು ಗೊತ್ತಲ್ಲ? ಬೆಟ್ಟ ಅತ್ತೋವಾಗ ಇಂದ್ಕೆ ತಿರುಗಿ ನೋಡಂಗಿಲ್ಲ. ಕಾಲು ಭಾರ ಆಯ್ತದೆ. ಇಂದೆ ಉಳ್ದೋರ ದೇವ್ರು ಕರ್ಕಂಡ್ ಬತ್ತನೆ.”

“ದೇವರಿಗೆ ಬೇರೆ ಕೆಲಸ ಇಲ್ವಾ?” ಅಂದಳು ಜಸಿಂತಾ.

“ನಿಮ್ ದೇವ್ರಿಗೆ ಭಾನ್ವಾರ ರಜ. ನಮ್ಮೋನ್ಗೆ ಅದೂ ಇಲ್ಲ.”

ನಗುತ್ತಲೇ ಮೂವರೂ ಒಪ್ಪಿದೆವು. ಅರವತ್ತು ದಾಟಿ ಎಷ್ಟೋ ವರ್ಷವಾದ ಹೆಂಗಸರು ಹಾಸ್ಟೆಲಿನ ಆಟ ಆಡುತ್ತಿದ್ದೇವೆ ಎಂದು ಖುಷಿಯಾಗಿತ್ತು. ಸ್ಟುಪಿಡ್ ವಿಮೆನ್.

ಸೂಜಿಯ ತಾಣ

ಅರ್ಧಕ್ಕಿಂತ ಹೆಚ್ಚು ಹತ್ತಿದ ಮೇಲೆ ಒಂದು ತಾಣ ಬರುತ್ತದೆ. ಬುದ್ಧ ಅಲ್ಲಿ ಕೂತು ತನ್ನ ಹರಿದ ಬಟ್ಟೆ ಹೊಲಿದುಕೊಂಡನಂತೆ. ಅದಕ್ಕೇ ಮೊದಲ ಸಲ ಬರುವವರು ಅಲ್ಲಿಂದ ನೂಲು ಎಳೆದುಕೊಂಡು ಹತ್ತುತ್ತಾರೆ. ಮೆಟ್ಟಿಲಿನ ಕಂಬಿಗಳ ಉದ್ದಕ್ಕೂ ಬಿಳಿ ನೂಲು, ನಮ್ಮ ಮನೆಯ ರಾಟೆಗಳಿಗೆ ಹುಚ್ಚು ಹಿಡಿದ ಹಾಗೆ. ಪಕ್ಕದ ಟೀ ಅಂಗಡಿಯ ಸೆಲ್ವಿ ಎಂಬ ಹೆಂಗಸು ಇದನ್ನೆಲ್ಲ ತಮಿಳಿನಲ್ಲಿ ಹೇಳಿದಳು, ಜಸಿಂತಾ ನಮಗೆ ಕನ್ನಡದಲ್ಲಿ. ಸೆಲ್ವಿ ಇನ್ನೊಂದು ಮಾತೂ ಹೇಳಿದಳು. ತುದಿಯಲ್ಲಿ ಒಂದು ಗಂಟೆ ಇದೆ. ಎಷ್ಟು ಸಲ ಬೆಟ್ಟ ಹತ್ತಿದ್ದೀವೋ ಅಷ್ಟೇ ಸಲ ಬಾರಿಸಬೇಕು. ಹೆಚ್ಚಿಗೆ ಬಾರಿಸಿದರೆ ಸುಳ್ಳು ಹೇಳಿದ ಹಾಗೆ.

“ಒಂದೇ ಸಲ,” ಅಂದಳು ಜಸಿಂತಾ. “ಆದ್ರೆ ನಾನೇ ಬಾರಿಸ್ಬೇಕು. ನಂಗೊಂದು ಜಾಗಟೆ ಬಾಕಿ ಇದೆ.” ಅದನ್ನವಳು ತಮಾಷೆಗೆ ಹೇಳಿದಳು. ನಾನು ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದೆ.

ಸೆಲ್ವಿ ಬಿಳಿ ನೂಲಿನ ಉಂಡೆ ಮಾರುತ್ತಿದ್ದಳು. ಜಸಿಂತಾ ಬೇಡ ಅಂದು ತನ್ನ ಬ್ಯಾಗಿನಿಂದ ಕುಚ್ಚು ಕಟ್ಟುವ ರೇಷ್ಮೆಯ ರೀಲು ತೆಗೆದಳು. ಕುಂಕುಮದ ಬಣ್ಣ, ನಮ್ಮ ಕೊಳ್ಳೇಗಾಲದ ಹುರಿ. ಅದರ ತುದಿಯನ್ನು ನನ್ನ ಎಡಗೈ ಮಣಿಕಟ್ಟಿಗೆ ಕಟ್ಟಿದಳು. ಅವಳದು ಹೊಲಿಗೆಯವಳ ಗಂಟು, ಬಿಗಿಯದು, ಬಿಚ್ಚದು.

“ನೀನು ಮುಂದೆ ಹೋಗು. ರೀಲು ಹಿಡ್ಕೊಂಡು ನಾನು ಹಿಂದೆ ಬರ್ತೀನಿ. ಎಳೆದ್ರೆ ನಿಲ್ಲು.”

ಅಲ್ಲಿಂದ ಮುಂದೆ ಮೆಟ್ಟಿಲು ನೆಟ್ಟಗೆ ನಿಂತಿವೆ. ಕಂಬಿ ಹಿಡಿದುಕೊಂಡೇ ಹತ್ತಬೇಕು. ನಾಗು ಮುಂದೆ, ನಾನು ನಡುವೆ, ಜಸಿಂತಾ ಹಿಂದೆ. ಸ್ವಲ್ಪ ದೂರ ಹೋದ ಮೇಲೆ “ಪದ್ದು” ಎಂದು ಕೂಗಿದ ಹಾಗೆ ಕೇಳಿಸಿತು. ಗಾಳಿಯಲ್ಲಿ ಒಂದು ಸಲ, ಆಮೇಲೆ ಇನ್ನೊಂದು ಸಲ.

“ನಾಗು, ಜಸ್ಸಿ ಕರೆದ್ಲಾ?”

“ತಿರುಗ್‌ಬ್ಯಾಡ. ಬತ್ತಾವ್ಳೆ. ನಿನ್ ಕೈಲಿ ದಾರ ಬತ್ತಾ ಇಲ್ವಾ?”

ಬರುತ್ತಿತ್ತು. ಮಣಿಕಟ್ಟಿನಲ್ಲಿ ಮೆತ್ತಗೆ ಎಳೆತ, ಮೆಟ್ಟಿಲಿಗೆ ಒಂದಿಷ್ಟು ನೂಲು ಬಿಚ್ಚಿಕೊಂಡು ಬರುತ್ತಲೇ ಇತ್ತು. ಅದು ನನಗೆ ಎಷ್ಟು ಹಿತವಾಗಿತ್ತು ಎಂದು ಹೇಗೆ ಹೇಳಲಿ. ಜಸ್ಸಿ ಹಿಂದೆ ಇದ್ದಾಳೆ, ನನ್ನ ಕೈಗೇ ಕಟ್ಟಿಕೊಂಡು ಮೇಲೆ ಬರುತ್ತಿದ್ದಾಳೆ, ಈ ಸಲ ಅವಳನ್ನು ತುದಿ ಮುಟ್ಟಿಸುತ್ತಿರುವವಳು ನಾನು. ಆ ಇಂಗ್ಲಿಷ್ ವಾಕ್ಯವನ್ನು ಒಂದೊಂದು ಮೆಟ್ಟಿಲಿಗೆ ಒಂದೊಂದು ಪದ ಹೇಳಿಕೊಂಡು ಹತ್ತಿದೆ.

ಒಂದು ಕಡೆ ನೂಲು ಬಿಗಿಯಾಯಿತು. ಕಂಬಿಗೆ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ಕೈಯನ್ನು ಒಂದು ಸಲ ಜಗ್ಗಿದೆ. ಬರಲಿಲ್ಲ. ಇನ್ನೊಂದು ಸಲ ಜೋರಾಗಿ ಜಗ್ಗಿದೆ. ಥಟ್ಟನೆ ಹಗುರಾಯಿತು.

ರೇಷ್ಮೆ ಮನೆಯಲ್ಲಿ ಹುಟ್ಟಿದವಳು ನಾನು. ರಾಟೆಗೆ ನೂಲು ಸುತ್ತುವ ಮಕ್ಕಳಿಗೂ ಗೊತ್ತಿರುವ ಮಾತಿದು: ರೀಲು ನೂಲಿನ ಜೊತೆ ನಡೆದರೆ ನೂಲು ಬಿಚ್ಚುವುದಿಲ್ಲ. ಬಿಚ್ಚಬೇಕಾದರೆ ರೀಲು ಒಂದೇ ಕಡೆ ಇರಬೇಕು. ಅಷ್ಟು ಹೊತ್ತೂ ನೂಲು ಬಿಚ್ಚಿಕೊಂಡು ಬಂದಿತ್ತು ಅಂದರೆ ಅಷ್ಟು ಹೊತ್ತೂ ಜಸಿಂತಾ ಕೂತೇ ಇದ್ದಳು.

ಆ ಮೆಟ್ಟಿಲ ಮೇಲೆ ನನಗೆ ಇದೆಲ್ಲ ತಿಳಿಯಿತು. ನಿಜ ಹೇಳಬೇಕಲ್ಲ. ಆಮೇಲೆ ತಿಳಿದದ್ದಲ್ಲ, ಆಗಲೇ ತಿಳಿಯಿತು. ಮೇಲೆ ನೋಡಿದರೆ ತುದಿಯ ಗೋಡೆ ಕಾಣುತ್ತಿತ್ತು, ಗಂಟೆಯ ಸದ್ದೂ ಕೇಳಿಸುತ್ತಿತ್ತು. ಇಳಿದು ಹೋದರೆ ಮತ್ತೆ ಹತ್ತಲು ನನ್ನ ಕಾಲಲ್ಲಿ ಶಕ್ತಿ ಉಳಿಯುವುದಿಲ್ಲ ಎಂದೂ ಗೊತ್ತಿತ್ತು. ಹಿಂದೆ ತಿರುಗಿ ನೋಡಬಾರದು ಎಂಬ ರೂಲು ಎಷ್ಟು ಅನುಕೂಲಕ್ಕೆ ಒದಗಿತು. ನಾನು ನೋಡಲಿಲ್ಲ. ಹತ್ತಿದೆ.

ಗಂಟೆ

ತುದಿಯ ಬಗ್ಗೆ ಬರೆಯಲು ನನಗೆ ಹೆಚ್ಚೇನೂ ಇಲ್ಲ. ಗಾಳಿ ಇತ್ತು. ಕೆಳಗೆ ಕೆರೆಯೊಂದು ಕಂಡಿತು, ನಮ್ಮ ಗುಂಡಾಲ್ ಅಣೆಕಟ್ಟಿನ ನೀರಿನ ಹಾಗೆ ಬೆಟ್ಟಗಳ ನಡುವೆ ಸಿಕ್ಕಿಕೊಂಡಿತ್ತು. ಪಾದದ ಗುರುತಿನ ಮೇಲೆ ಬಟ್ಟೆ ಹೊದಿಸಿದ್ದರು. ನಾಗು ಕೈ ಮುಗಿದು ಕಣ್ಣು ಒರೆಸಿಕೊಂಡಳು, ಹೋಗಿ ಗಂಟೆಯನ್ನು ಒಂದು ಸಲ ಬಾರಿಸಿದಳು. ಆಮೇಲೆ ತಿರುಗಿದಳು.

“ಜಸ್ಸಿ ಎಲ್ಲಮ್ಮಿ?”

ನಾನು ಮಣಿಕಟ್ಟು ತೋರಿಸಿದೆ. ಕೆಂಪು ನೂಲು ಗಾಳಿಗೆ ಹಾರಾಡುತ್ತಿತ್ತು.

“ಯಾವಾಗ್ಲಿಂದ?”

“ಈಗ ತಾನೆ,” ಅಂದೆ. ಅದೂ ಸುಳ್ಳೇ.

ನನ್ನ ಸರದಿ ಬಂತು. ಒಂದು ಸಲ ಬಾರಿಸಿದೆ. ಕೈ ಬಿಡಲಾಗಲಿಲ್ಲ. ಜಸಿಂತಾಳ ಹೆಸರಿನಲ್ಲಿ ಇನ್ನೊಂದು ಸಲ ಬಾರಿಸಿದೆ. ಹಿಂದೆ ನಿಂತಿದ್ದ ಬಿಳಿ ಸೀರೆಯ ಮುದುಕಿಯೊಬ್ಬಳು ಎರಡು ಬೆರಳು ಎತ್ತಿ, ಮುಖವೆಲ್ಲ ನಗುವಾಗಿ ಕೇಳಿದಳು, “ಸೆಕೆಂಡ್ ಟೈಮ್?”

“ಯೆಸ್,” ಅಂದೆ. ಅವಳು ನನ್ನ ತಲೆ ಸವರಿದಳು.

ಸೆಲ್ವಿಯ ಟೀ ಅಂಗಡಿ

ಇಳಿಯುವಾಗ ಬಿಳಿ ನೂಲುಗಳ ನಡುವೆ, ಕಂಬಿಗೆ ಸಿಕ್ಕಿ ನನ್ನ ಕೈಯಿಂದ ಹರಿದು ಉಳಿದ ನಮ್ಮ ಕೆಂಪು ಎಳೆ ದಾರಿ ಉದ್ದಕ್ಕೂ ಕಾಣುತ್ತಿತ್ತು. ಅದನ್ನೇ ನೋಡಿಕೊಂಡು ಇಳಿದೆವು. ಅದರ ಕೊನೆ ಸಿಕ್ಕಿದ್ದು ಸೂಜಿಯ ತಾಣದಿಂದ ಒಂದು ತಿರುವು ಮೇಲೆ, ಕಲ್ಲಿನ ಕಟ್ಟೆಯ ಹತ್ತಿರ. ಅಷ್ಟೇ ದೂರ ಹತ್ತಿದ್ದಳು ಅವಳು. ಕಟ್ಟೆ ಖಾಲಿಯಿತ್ತು. ಉಳಿದ ತಿರುವನ್ನು ಕಂಬಿ ಹಿಡಿಯದೆ ಇಳಿದೆ.

ಜಸಿಂತಾ ಸೆಲ್ವಿಯ ಅಂಗಡಿಯ ಬೆಂಚಿನ ಮೇಲೆ ಒಂದು ಕಾಲು ಚಾಚಿಕೊಂಡು ಕೂತಿದ್ದಳು. ಸೆಲ್ವಿಯ ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು. ಮಂಡಿ ಊದಿ ಸೀರೆಯ ಮೇಲಿಂದಲೇ ಕಾಣುತ್ತಿತ್ತು.

“ಮಂಡಿ ಹಿಡ್ಕೊಂಡ್ಬಿಡ್ತು. ಕೂಗಿದೆ, ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ. ಸೆಲ್ವಿನೇ ಬಂದು ಕೈ ಹಿಡಿದು ಇಳಿಸಿದ್ಲು,” ಅಂದಳು. “ಕಟ್ಟೆ ಮೇಲೆ ಕೂತು ನೂಲು ಬಿಡ್ತಾ ಇದ್ದೆ. ನೀನಾದ್ರೂ ಹೋಗು ಅಂತ. ಕೊನೇಲಿ ಬೆರಳಿಗೆ ಸುತ್ತಿ ಹಿಡಿದೆ. ಎಳೆದ್ರೆ ನಿಲ್ತೀಯ ಅಂದ್ಕೊಂಡಿದ್ದೆ. ನೀನು ಜಗ್ಗಿದೆ. ಬೆರಳು ನೋಯ್ತು, ಬಿಟ್ಟೆ.”

ತೋರುಬೆರಳಿನ ಸುತ್ತ ತೆಳ್ಳಗೆ ಒಂದು ಕೆಂಪು ಗೆರೆ ಇತ್ತು.

ನಾಗು ಅವಳ ಕಾಲ ಹತ್ತಿರ ನೆಲದ ಮೇಲೇ ಕೂತುಬಿಟ್ಟಳು. “ನನ್ನ್ ಬಾಯಿಗೆ ಮಣ್ಣಾಕ. ತಿರುಗ್‌ಬ್ಯಾಡ ಅಂದೋಳು ನಾನು ಕಣಮ್ಮಿ. ಅಜ್ಜಿ ರೂಲಂತೆ, ಅಜ್ಜಿ ರೂಲು.”

“ನಾಗು, ಡೋಂಟ್ ಬಿ ಸಿಲ್ಲಿ. ನಂಗೆ ಕೆಳಗೆ ಕೂತು ಅಭ್ಯಾಸ ಇದೆ. ತಾಳುಬೆಟ್ಟದಲ್ಲೂ ಕೂತಿರ್ಲಿಲ್ವಾ?”

ಸೆಲ್ವಿ ಹಾಲಿಲ್ಲದ ಕಪ್ಪು ಟೀ ತಂದಿಟ್ಟಳು, ಜೊತೆಗೆ ಒಂದೊಂದು ಚೂರು ಬೈನೆ ಮರದ ಬೆಲ್ಲ. ಅಲ್ಲಿ ಬೆಲ್ಲವನ್ನು ಟೀಗೆ ಹಾಕುವುದಿಲ್ಲ. ಕಚ್ಚಿಕೊಂಡು, ಅದರ ಮೇಲೆ ಕಹಿ ಟೀ ಕುಡಿಯುತ್ತಾರೆ.

“ಆವತ್ತು ಅಜ್ಜಿಗೆ ಯಾವಳು ಏಳುದ್ಲೋ,” ಅಂದಳು ನಾಗು ಟೀ ಊದುತ್ತಾ. “ನಂಗೆ ಇವತ್ಗೂ ತಿಳಿಯಾಕಿಲ್ಲ.”

ಜಸಿಂತಾ ದಾರವನ್ನು ಹಲ್ಲಿನಿಂದ ಕಡಿದಳು. “ಯಾರೋ ಹೇಳಿರ್ತಾರೆ ಬಿಡೆ. ಹೇಳಿದವರಿಗೆ ಮರೆತೂ ಹೋಗಿರುತ್ತೆ.”

ಬಾಗಿಲು ಅಷ್ಟು ತೆರೆದಿತ್ತು. ತುದಿ ಬೇಕಾಗಿರಲಿಲ್ಲ, ಇಂಗ್ಲಿಷ್ ಬೇಕಾಗಿರಲಿಲ್ಲ. ‘ನಾನೇ ಜಸ್ಸಿ’ ಅಂದರೆ ಸಾಕಿತ್ತು. ನಾನು ಸೆಲ್ವಿಯ ಕಡೆ ತಿರುಗಿ ಇನ್ನೊಂದು ಚೂರು ಬೆಲ್ಲ ಕೇಳಿದೆ.

“ಗಂಟೆ ಬಾರಿಸಿದ್ಯಾ?” ಎಂದು ಜಸಿಂತಾ ಕೇಳಿದಳು.

“ನಿನ್ನ ಪಾಲಿಂದೂ ಬಾರಿಸಿದೆ.”

ಅವಳು ರವಿಕೆಯನ್ನು ಮಡಿಸಿ ಬೆಂಚಿನ ಮೇಲೆ ಇಟ್ಟಳು. “ಬಾರಿಸ್ಬಾರ್ದಿತ್ತು ಪದ್ದು,” ಅಂದಳು. ಕೋಪವಿರಲಿಲ್ಲ. ತಪ್ಪು ಹೊಲಿಗೆ ಹಾಕಿದ ಹುಡುಗಿಗೆ ಹೇಳುವ ಹಾಗೆ ಹೇಳಿದಳು.

ಕೊಳ್ಳೇಗಾಲ

ಬಂದು ನಾಲ್ಕು ತಿಂಗಳಾಯಿತು. ನಲ್ಲತಣ್ಣಿಗೆ ಅವಳನ್ನು ಇಳಿಸಿದ್ದು ಟೀ ತೋಟದ ನಾಲ್ವರು, ಕುರ್ಚಿಗೆ ಬಿದಿರು ಕಟ್ಟಿ. ದಾರಿಯುದ್ದಕ್ಕೂ ಅವರನ್ನು ನಗಿಸುತ್ತಾ ಕೂತಿದ್ದಳು. ಮೈಸೂರಿನ ಡಾಕ್ಟರು ಇನ್ನು ಮೆಟ್ಟಿಲು ಹತ್ತುವುದು ಬೇಡವೇ ಬೇಡ ಅಂದಿದ್ದಾರೆ. ಮಾದಪ್ಪನ ಬೆಟ್ಟವೂ ಇಲ್ಲ, ಯಾವುದೂ ಇಲ್ಲ. ಫೋನಿನಲ್ಲಿ ನಾಗು ಹೇಳುತ್ತಾಳೆ, “ಬಿಡಮ್ಮಿ, ವಯಸ್ಸಾಯ್ತು, ಯಾರ್ ತಪ್ಪೂ ಅಲ್ಲ.” ನಾಗುವಿಗೆ ಗೊತ್ತಿರುವುದು ಅರ್ಧ.

ಹಳೆಯ ವಿದ್ಯಾರ್ಥಿನಿಯರ ಸಂಚಿಕೆಗೆ ಲಂಕೆಯ ಪ್ರವಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಕೇಳಿದ್ದರು. ಟೀ ತೋಟ, ರೈಲು, ಹುರಿಹಿಟ್ಟು ಬರೆದು ಮುಗಿಸಬಹುದು ಅಂದುಕೊಂಡೆ. ಬರೆಯುತ್ತಾ ಹೋದರೆ ಇದೆಲ್ಲ ಬಿಚ್ಚಿಕೊಂಡು ಬಂತು. ಬಂದದ್ದನ್ನು ಕತ್ತರಿಸಿಲ್ಲ.

ಅಚ್ಚಿಗೆ ಕೊಡುವ ಮೊದಲು ಇದನ್ನು ಜಸಿಂತಾ ಓದಬೇಕು. ಹಾಗೆಂದು ಟಪಾಲಿನಲ್ಲಿ ಕಳಿಸಿ ಇಲ್ಲಿ ಕೂತಿರುವುದು ಮತ್ತೆ ಅದೇ ಆಗುತ್ತದೆ, ಹಿಂದೆ ನೋಡದೆ ನೂಲು ಜಗ್ಗಿದ ಹಾಗೆ. ಅವಳ ಒಂದು ಕಣ್ಣಿಗೆ ಪೊರೆ ಬಂದಿದೆ. ಸೂಜಿಗೆ ದಾರ ಪೋಣಿಸಲು ಬೆರಳೇ ಸಾಕು, ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಬೆಳಗಿನ ಬಸ್ಸಿಗೆ ರಾಮಾಪುರಕ್ಕೆ ಹೋಗಿ ನಾನೇ ಓದಿ ಹೇಳಬೇಕು.

ನಾಳೆ ಹೋಗುತ್ತೇನೆ. ಶಾಗ್ಯದ ಕೈಕಂಬ, ಹನೂರು, ಅಂದು ಅವಳು ಜಾಗಟೆ ಬಾರಿಸುತ್ತಾ ನಡೆದ ದಾರಿಯೇ. ಮಣಿಕಟ್ಟಿನ ಗಂಟು ಬಿಚ್ಚಲು ನನ್ನಿಂದ ಆಗಿಲ್ಲ, ಕತ್ತರಿಸುವ ಮನಸ್ಸೂ ಬಂದಿಲ್ಲ. ಹುರಿ ಮಾಸಿ ಹೋಗಿದೆ. ಅವಳು ಮೊದಲು ಅದನ್ನೇ ನೋಡುತ್ತಾಳೆ, ಕತ್ತರಿಗೆ ಕೈ ಚಾಚುತ್ತಾಳೆ. ಸ್ವಲ್ಪ ತಾಳು ಜಸ್ಸಿ ಅನ್ನಬೇಕು. ಕೂತು, ಕನ್ನಡಕ ಹಾಕಿಕೊಂಡು, ಹ್ಯಾಟನ್ ರೈಲಿನ ಪುಟದಲ್ಲಿ ತಾಳುಬೆಟ್ಟ ಬಂದಾಗ ನೀರಿನ ನೆಪದಲ್ಲಿ ಏಳದೆ ಓದಬೇಕು.